ಟೆಲಿಸ್ಕೋಪ್ ಹೊರಗಿಡೋರು ಹೆದರಬೇಕಾಗಿರೋದು ತೇವಕ್ಕೆ

ಟೆಲಿಸ್ಕೋಪನ್ನ ಹೊರಗೇ ಬಿಡ್ತೀವಿ ಅಂದ ತಕ್ಷಣ ಎಲ್ಲರೂ ಕೇಳೋದು ಮಳೆ ಬಂದ್ರೆ ಏನು ಗತಿ ಅಂತ. ಮಳೆ ತಡೆಯೋದು ಸುಲಭ, ಒಂದು ಒಳ್ಳೆ ವಾಟರ್‌ಪ್ರೂಫ್ ಕವರ್ ಹಾಕಿ ಕಟ್ಟಿದ್ರೆ ಆಯ್ತು. ತೊಂದ್ರೆ ಶುರುವಾಗೋದೇ ಆ ಕವರ್ ಒಳಗೆ.

ಅದಕ್ಕಿಂತ ಮೊದ್ಲು, ಹೊರಗೆ ಇಡೋದಾದ್ರೂ ಯಾಕೆ? ಮನೆಯೊಳಗಿಂದ ತಂದ ಟೆಲಿಸ್ಕೋಪಿನ ಕನ್ನಡಿ ಬೆಚ್ಚಗಿರುತ್ತೆ, ಅದು ತಣ್ಣಗಾಗೋ ತನಕ ಟ್ಯೂಬೊಳಗಿನ ಗಾಳಿ ಅಲುಗಾಡ್ತಾನೇ ಇರುತ್ತೆ, ಗ್ರಹ ಎಲ್ಲಾ ಕದಡಿದಂಗೆ ಕಾಣುತ್ತೆ. 1917ರ ನವೆಂಬರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ 100 ಇಂಚಿನ ಹೂಕರ್ ಟೆಲಿಸ್ಕೋಪಿನಲ್ಲಿ ಮೊದಲ ಸಲ ಗುರುಗ್ರಹ ನೋಡಿದಾಗ ಒಂದರ ಮೇಲೊಂದು ಬಿದ್ದಿರೋ ಹಲವು ಗುರುಗಳು ಕಂಡ್ವು, ಯಾಕಂದ್ರೆ ಹಗಲೆಲ್ಲಾ ಡೋಮ್ ತೆರೆದಿಟ್ಟು ಕನ್ನಡಿ ಬಿಸಿಲಿಗೆ ಕಾದಿತ್ತು. ಬೆಳಗಿನ ಜಾವದ ಹೊತ್ತಿಗೆ ಅದು ತಣ್ಣಗಾದ್ಮೇಲೆ ಅಭಿಜಿತ್ ನಕ್ಷತ್ರ ಸ್ಪಷ್ಟವಾಗಿ ಕಾಣಿಸ್ತು. ಹೊರಗೇ, ನೆರಳಲ್ಲಿ ಇರೋ ಟೆಲಿಸ್ಕೋಪಿಗೆ ಈ ಕಾಯೋ ಕೆಲಸ ಬಹುಪಾಲು ಇಲ್ಲ, ಕವರ್ ತೆಗೆದ ಸ್ವಲ್ಪ ಹೊತ್ತಿಗೇ ನೋಡೋಕೆ ಶುರು ಮಾಡ್ಬಹುದು. ಇಷ್ಟೆಲ್ಲಾ ಕಷ್ಟಪಡೋಕೆ ನನ್ನ ಪ್ರಕಾರ ಇದೊಂದೇ ಕಾರಣ ಸಾಕು.

ಈಗ ತೇವದ ವಿಷ್ಯ. ಆಕಾಶ ತಿಳಿಯಾಗಿರೋ ರಾತ್ರಿ ಟ್ಯೂಬು, ಲೆನ್ಸು ಎಲ್ಲಾ ತಮ್ಮ ಶಾಖಾನ ಮೇಲಕ್ಕೆ ಬಿಟ್ಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗ್ತವೆ, ಆಗ ಇಬ್ಬನಿ ಕೂರುತ್ತೆ. ನೋಡಿ ಮುಗಿಸಿ ಆ ಒದ್ದೆ ಟ್ಯೂಬಿಗೇ ಕ್ಯಾಪ್ ಹಾಕಿ, ಮೇಲೆ ಪ್ಲಾಸ್ಟಿಕ್ ಶೀಟ್ ಸುತ್ತಿ ಬಿಗಿಯಾಗಿ ಕಟ್ಟಿದ್ರೆ ಒದ್ದೆ ಬಟ್ಟೆ ಮಡಚಿ ಪೆಟ್ಟಿಗೆಗೆ ಹಾಕಿದಂಗೆ. ಹಗಲು ಬಿಸಿಲಿಗೆ ನೀರು ಆವಿಯಾಗುತ್ತೆ, ರಾತ್ರಿ ಮತ್ತೆ ಕನ್ನಡಿ ಮೇಲೇ ಬಂದು ಕೂರುತ್ತೆ, ಹೊರಗೆ ಹೋಗೋಕೆ ದಾರಿನೇ ಇಲ್ಲ. ಅದಕ್ಕೇ ಕವರಿನ ಕೆಳಭಾಗ ತೆರೆದಿರ್ಬೇಕು, ಗಾಳಿ ಆಡ್ಬೇಕು.

ತೇವ ಹಾಗೇ ಉಳಿದ್ರೆ ಫಂಗಸ್ ಬರುತ್ತೆ. ಲೆನ್ಸಿಗೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ, ಸಣ್ಣ ಸಣ್ಣ ಕವಲೊಡೆದ ಬಿಳಿ ಎಳೆಗಳು ಅಂಚಿನಿಂದ ಒಳಕ್ಕೆ ಹಬ್ಬಿರೋದು ಕಂಡ್ರೆ ಅದೇ. ಅದು ಬಿಡೋ ಆಮ್ಲ ಕೋಟಿಂಗನ್ನ, ಆಮೇಲೆ ಗಾಜನ್ನೇ ತಿನ್ನುತ್ತೆ, ಒರೆಸಿದ್ರೆ ಎಳೆ ಹೋಗ್ಬಹುದು, ಗುರುತು ಹೋಗಲ್ಲ.

ಇದಕ್ಕೆ ಪರಿಹಾರ ತುಂಬಾ ಸರಳ, ಒಳಗಡೆ ಸ್ವಲ್ಪವೇ ಸ್ವಲ್ಪ ಬೆಚ್ಚಗಿಡೋದು. 20 ಡಿಗ್ರಿ ಸೆಲ್ಸಿಯಸ್ಸಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿ ಹಿಡಿಯುತ್ತೆ, 25 ಡಿಗ್ರಿಯಲ್ಲಿ ಸುಮಾರು 23 ಗ್ರಾಂ. ಅಂದ್ರೆ ಪೂರ್ತಿ ತೇವ ತುಂಬಿರೋ ಗಾಳಿನ ಬರೀ 5 ಡಿಗ್ರಿ ಬಿಸಿ ಮಾಡಿದ್ರೆ ತೇವಾಂಶ 100ರಿಂದ ಹತ್ತಿರ ಹತ್ತಿರ 75 ಪರ್ಸೆಂಟಿಗೆ ಇಳಿಯುತ್ತೆ, ಒಂದು ಹನಿ ನೀರನ್ನೂ ತೆಗೀದೇನೇ! ಕವರಿಗೆ ತಾಗದಂಗೆ ಇಟ್ಟಿರೋ ಕಡಿಮೆ ವ್ಯಾಟಿನ ಸಣ್ಣ ಹೀಟರ್ ಸಾಕಾಗುತ್ತೆ, ನೋಡೋಕೆ ಕೂರೋ ಮುಂಚೆ ಆಫ್ ಮಾಡಿ ತಣ್ಣಗಾಗೋಕೆ ಬಿಡ್ಬೇಕು ಅಷ್ಟೇ. ಸಿಲಿಕಾ ಜೆಲ್ ಇಡ್ತಾರಲ್ಲ, ಅದು ಗಟ್ಟಿಯಾಗಿ ಮುಚ್ಚಿರೋ ಟ್ಯೂಬಿಗೆ, ಐಪೀಸ್ (ಕಣ್ಣಿಟ್ಟು ನೋಡೋ ಕಡೆಯ ಸಣ್ಣ ಲೆನ್ಸ್) ಡಬ್ಬಿಗೆ ಚೆನ್ನಾಗಿ ಕೆಲಸ ಮಾಡುತ್ತೆ, ತೆರೆದ ಟ್ಯೂಬಲ್ಲಿ ಹೊರಗಿನ ತೇವ ಹೀರಿ ಹೀರಿ ಬೇಗ ಸೋತುಹೋಗುತ್ತೆ.

ಬಿಸಿಲನ್ನೂ ಮರೀಬಾರ್ದು. ಕವರಿನ ಹೊರಮೈ ಬೆಳ್ಳಿ ಬಣ್ಣದ್ದೋ ಬಿಳಿದೋ ಇರ್ಲಿ, ಕಪ್ಪಾದ್ರೆ ಒಳಗೆಲ್ಲಾ ಕಾಯುತ್ತೆ. ನೇರಳಾತೀತ ಕಿರಣಕ್ಕೆ ಬಟ್ಟೆ ನಿಧಾನಕ್ಕೆ ಪೆಡಸಾಗಿ ಹರಿಯುತ್ತೆ, ಮಳೆಗಾಲಕ್ಕೆ ಮುಂಚೆ ಹೊಲಿಗೆ ಎಲ್ಲಾ ಒಂದ್ಸಲ ಎಳೆದು ನೋಡಿ. ಕ್ಯಾಪಿಲ್ಲದ ಲೆನ್ಸ್ ಮೇಲೆ ಬಿಸಿಲು ನೇರವಾಗಿ ಬಿದ್ರೆ ಒಂದು ಕಡೆ ಕೇಂದ್ರೀಕರಿಸಿ ಬೆಂಕಿನೇ ಹತ್ಬಹುದು, ಇದರಲ್ಲಿ ಮಾತ್ರ ಉದಾಸೀನ ಬೇಡವೇ ಬೇಡ.

ಜೇಡ, ಕಣಜಕ್ಕೆ ಟ್ಯೂಬ್ ಅಂದ್ರೆ ಪ್ರೀತಿ, ತೂತುಗಳಿಗೆ ಸಣ್ಣ ಜಾಲರಿ ಹಾಕಿ. ಪಾರ್ಟಿಕಲ್ ಬೋರ್ಡಿನ (ಮರದ ಪುಡಿ ಒತ್ತಿ ಮಾಡಿದ ಹಲಗೆ) ಬೇಸ್ ಮೇಲೆ ಕೂರೋ ಡಾಬ್ಸೋನಿಯನ್ ಅನ್ನೋ ಥರದ ಟೆಲಿಸ್ಕೋಪ್ ಆದ್ರೆ ಆ ಹಲಗೆ ಕತ್ತರಿಸಿದ ಅಂಚಿಂದ ನೀರು ಹೀರಿ ಊದ್ಕೊಳ್ಳುತ್ತೆ, ಅಂಚಿಗೆಲ್ಲಾ ವಾರ್ನಿಶ್ ಹೊಡೆದು ನೆಲದಿಂದ ಎತ್ತರಿಸಿ ಇಡಿ. ಇಷ್ಟೆಲ್ಲಾ ಆಗಲ್ಲ ಅನ್ನೋರು ಕಂಬ ಮತ್ತೆ ಅದರ ಮೇಲೆ ಟ್ಯೂಬನ್ನ ಹೊತ್ತು ತಿರುಗಿಸೋ ಮೌಂಟ್ ಮಾತ್ರ ಹೊರಗೆ ಬಿಟ್ಟು ಟ್ಯೂಬ್ ಒಳಗೆ ತರೋದೇ ಒಳ್ಳೇದು, ಮೌಂಟನ್ನ ಆಕಾಶದ ಧ್ರುವದ ಕಡೆ ಹೊಂದಿಸಿರೋ ಅಲೈನ್‌ಮೆಂಟ್ ಆದ್ರೂ ಉಳಿಯುತ್ತೆ. ಮೌಂಟಿನ ಕೇಬಲ್ ಮಾತ್ರ ಕಿತ್ತಿಡಿ, ಗುಡುಗು ಶುರುವಾದ್ಮೇಲೆ ಓಡಿಹೋಗಿ ಕೀಳೋದಲ್ಲ, ಪ್ರತಿ ರಾತ್ರಿ ನೋಡಿ ಮುಗಿಸಿದ ತಕ್ಷಣ.