ಪಂಪ್ ಕೂಗುವ ಮೊದಲು

ಕ್ರಿಟಿಕಲ್ ಕೇರ್ ನರ್ಸಿಂಗ್ ಓದುತ್ತಿದ್ದ ಒಬ್ಬ ಹುಡುಗಿಗೆ ಪ್ರಾಕ್ಟಿಕಲ್‌ನಲ್ಲಿ ನಾನೇ 30ಕ್ಕೆ 28 ಅಂಕ ಕೊಟ್ಟಿದ್ದೆ. ರೋಗಿಯ ತೂಕ 60 ಕೆ.ಜಿ., ಸಿರಿಂಜಿನಲ್ಲಿ 50 ಎಂ.ಎಲ್.ಗೆ 4 ಮಿಲಿಗ್ರಾಂನಂತೆ ಬಿಪಿ ಏರಿಸುವ ಔಷಧ ನಾರ್‌ಅಡ್ರಿನಲಿನ್ ಇದೆ, ಕೆ.ಜಿ.ಗೆ ನಿಮಿಷಕ್ಕೆ 0.1 ಮೈಕ್ರೋಗ್ರಾಂ ಹೋಗಬೇಕು, ಸಿರಿಂಜನ್ನು ನಿಧಾನವಾಗಿ ಒತ್ತುವ ಪಂಪ್ ಎಷ್ಟಕ್ಕೆ ಇಡ್ತೀಯ ಅಂತ ಕೇಳಿದೆ. ಪೆನ್ನು ಮುಟ್ಟದೆ, "ಗಂಟೆಗೆ 4.5 ಎಂ.ಎಲ್., ಮೇಡಂ" ಅಂದಳು. ಲೆಕ್ಕ ಸರಿ. ಕೈ ತೊಳೆದದ್ದು, ಲೇಬಲ್ ಬರೆದದ್ದು, ಲೈನ್‌ನಲ್ಲಿ ಗಾಳಿ ತೆಗೆದದ್ದು ಎಲ್ಲಕ್ಕೂ ಟಿಕ್ ಬಿತ್ತು.

ಕೆಲವು ವಾರ ಕಳೆದು ನೈಟ್ ಪೋಸ್ಟಿಂಗ್‌ನಲ್ಲಿ ಅದೇ ಔಷಧ, ಅದೇ ಹುಡುಗಿ. ಸಿರಿಂಜ್ ಮುಗಿಯುತ್ತಾ ಬಂದಿದೆ ಅಂತ ಪಂಪ್ ಕೂಗಿತು. ಅವಳು ಅಲಾರಂ ನಿಲ್ಲಿಸಿ ಆಂಪ್ಯೂಲ್ ತರಲು ಕಪಾಟಿನ ಕಡೆ ನಡೆದಳು. ನಾರ್‌ಅಡ್ರಿನಲಿನ್ ನಿಂತ ಒಂದೆರಡು ನಿಮಿಷದಲ್ಲೇ ಅದರ ಪ್ರಭಾವ ಇಳಿಯುತ್ತದೆ. ಅವಳು ಆಂಪ್ಯೂಲ್ ಒಡೆದು ಲೋಡ್ ಮಾಡುವಷ್ಟರಲ್ಲಿ ಮೇಲಿನ ಬಿಪಿ 62ಕ್ಕೆ ಬಂದಿತ್ತು. ಪಕ್ಕದ ಬೆಡ್‌ನ ಸೀನಿಯರ್ ಸಿಸ್ಟರ್ ಓಡಿಬಂದು ಸಂಭಾಳಿಸಿದರು, ರೋಗಿ ಉಳಿದರು. ಸಿಸ್ಟರ್ ಬೈಯಲಿಲ್ಲ. "ನಾನು 10 ಎಂ.ಎಲ್. ಉಳಿದಾಗಲೇ ಮುಂದಿನದ್ದು ರೆಡಿ ಮಾಡಿಟ್ಕೋತೀನಮ್ಮ. ಎರಡನೇ ಪಂಪ್ ಶುರು ಮಾಡಿ, ಬಿಪಿ ನೋಡ್ಕೊಂಡೇ ಹಳೇದು ನಿಲ್ಲಿಸೋದು" ಅಂದರಂತೆ.

ನನ್ನ ಚೆಕ್‌ಲಿಸ್ಟ್‌ನಲ್ಲಿ ಈ ಸಾಲೇ ಇರಲಿಲ್ಲ. ನಾನು ಅಳೆದದ್ದು ಅವಳ ಕೈಯನ್ನು ಮಾತ್ರ. ಅರ್ಧ ಗಂಟೆ ಮುಂದಕ್ಕೆ ನೋಡುವ ಕಣ್ಣನ್ನು ನಾನು ಕೇಳಿಯೇ ಇರಲಿಲ್ಲ.

ಕಲಿತದ್ದನ್ನು ಅಳೆಯಲು 1990ರಲ್ಲಿ ವೈದ್ಯಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ ಹಾಕಿಕೊಟ್ಟ ನಾಲ್ಕು ಮೆಟ್ಟಿಲಿನ ಪಿರಮಿಡ್ ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ: ಗೊತ್ತಿದೆ, ಹೇಗೆಂದು ಗೊತ್ತಿದೆ, ಮಾಡಿ ತೋರಿಸುತ್ತಾರೆ, ಮಾಡುತ್ತಾರೆ. 1975ರಲ್ಲಿ ರೊನಾಲ್ಡ್ ಹಾರ್ಡನ್ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೂಪಿಸಿದ, ಒಂದೊಂದು ಸ್ಟೇಷನ್‌ನಲ್ಲಿ ಒಂದೊಂದು ಕೆಲಸ ಮಾಡಿ ತೋರಿಸುವ ಓಸ್ಕಿ ಪರೀಕ್ಷೆ ಮೂರನೇ ಮೆಟ್ಟಿಲಿನವರೆಗೆ ಚೆನ್ನಾಗಿ ಅಳೆಯುತ್ತದೆ. ಬೆಲ್ ಹೊಡೆದ ಕೂಡಲೇ ಮುಂದಿನ ಸ್ಟೇಷನ್‌ಗೆ ಹೋಗಬೇಕಾದ ಪರೀಕ್ಷೆಯಲ್ಲಿ ಸಿರಿಂಜ್ ಮುಗಿಯುವುದು ಯಾವಾಗ? ನಾಲ್ಕನೇ ಮೆಟ್ಟಿಲು ಇರುವುದು ವಾರ್ಡಿನಲ್ಲಿ, ಅದೂ ಯಾರೂ ನೋಡದ ಹೊತ್ತಿನಲ್ಲಿ.

ಮಾಡಿದ ಕೆಲಸಕ್ಕೆಲ್ಲ ಬೋಧಕರ ಸಹಿ ಹಾಕಿಸುವ ಲಾಗ್‌ಬುಕ್ ಇದೆಯಲ್ಲ ಅನ್ನಬಹುದು. ಪರೀಕ್ಷೆಯ ಹಿಂದಿನ ಸಂಜೆ ಒಂದೇ ನೀಲಿ ಪೆನ್ನಿನಲ್ಲಿ ಸಾಲಾಗಿ ಬಿದ್ದ ಸಹಿಗಳು ಎಲ್ಲ ಕಾಲೇಜಿನವರಿಗೂ ಪರಿಚಯ. ನಾನೂ ಹಾಕಿದ್ದೇನೆ, ಸುಳ್ಳು ಹೇಳುವುದಿಲ್ಲ. ಸಕ್ಷನ್ (ಉಸಿರುನಾಳದ ಕಫವನ್ನು ಕೊಳವೆಯಿಂದ ಹೀರಿ ತೆಗೆಯುವುದು) 10 ಸಲ ಮಾಡಿರಬೇಕು ಅಂತ ನಿಯಮ ಇದ್ದರೆ ನಾವು ಎಣಿಸುವುದು ಸಲವನ್ನು. ಕೆಲವರಿಗೆ ನಾಲ್ಕನೇ ಸಲಕ್ಕೇ ಕೈ ಕೂರುತ್ತದೆ. ಇನ್ನು ಕೆಲವರು ಹದಿನೈದನೇ ಸಲವೂ ಕ್ಯಾತಿಟರ್ ಒಳಗಿಟ್ಟುಕೊಂಡು ಮಾನಿಟರ್‌ಗೆ ಬೆನ್ನು ಹಾಕಿ ನಿಂತಿರುತ್ತಾರೆ.

ಈಗ ಐಸಿಯು ಪೋಸ್ಟಿಂಗ್‌ನಲ್ಲಿ ನಾನು ಬೇರೆ ಪ್ರಶ್ನೆ ಕೇಳುತ್ತೇನೆ: ಈ ಕೆಲಸ ಮಾಡುವಾಗ ಇವಳ ಪಕ್ಕ ಯಾರು ನಿಂತಿರಬೇಕು? ನೆದರ್ಲೆಂಡ್ಸ್‌ನ ಒಲ್ಲೆ ಟೆನ್ ಕಾಟೆ ವೈದ್ಯಶಿಕ್ಷಣಕ್ಕೆ ತಂದ ಆಲೋಚನೆ ಇದು. ಬರೀ ನೋಡಲಿ ಅನ್ನುವುದು ಒಂದನೇ ಹಂತ, ನಾನು ಪಕ್ಕದಲ್ಲಿದ್ದರೆ ಮಾಡಲಿ ಅನ್ನುವುದು ಎರಡನೆಯದು, ಕರೆದರೆ ಬರುವಷ್ಟು ದೂರದಲ್ಲಿದ್ದರೆ ಸಾಕು ಅನ್ನುವುದು ಮೂರು, ಒಬ್ಬಳೇ ಮಾಡಲಿ ಅಂದರೆ ನಾಲ್ಕು. ಜೂನಿಯರ್‌ಗಳಿಗೆ ಹೇಳಿಕೊಡಲಿ ಅನ್ನುವುದು ಕೊನೆಯದು. ಇದನ್ನು ಒಂದೇ ದಿನ, ಒಬ್ಬರೇ ನೋಡಿ ಬರೆಯುವಂತಿಲ್ಲ. ನಾನೊಮ್ಮೆ, ಶಿಫ್ಟ್ ಇನ್‌ಚಾರ್ಜ್ ಒಮ್ಮೆ, ಐಸಿಯು ತಜ್ಞವೈದ್ಯರಾದ ಇಂಟೆನ್ಸಿವಿಸ್ಟ್ ಒಮ್ಮೆ ನೋಡುತ್ತೇವೆ. ಹದಿನೈದಿಪ್ಪತ್ತು ನಿಮಿಷ ನೋಡಿ, ಕಂಡದ್ದನ್ನು ಅಲ್ಲೇ ಹೇಳಬೇಕು. ಹೆಚ್ಚಿನ ಹೊಣೆಗೆ ತರಬೇತಾಗುವ ನರ್ಸ್ ಪ್ರಾಕ್ಟಿಷನರ್‌ಗಳ ಎರಡು ವರ್ಷದ ರೆಸಿಡೆನ್ಸಿಗೆ ಇದು ಹೇಳಿ ಮಾಡಿಸಿದಂತಿದೆ, ಯಾಕೆಂದರೆ ಅವರಿಂದ ನಾವು ಬಯಸುವುದೇ ನಿರ್ಧಾರವನ್ನು.

ತೊಡಕು ಇಲ್ಲದಿಲ್ಲ. ಕಲಿಯಲು ಒಬ್ಬೊಬ್ಬರಿಗೆ ಒಂದೊಂದು ಅವಧಿ ಬೇಕು, ಪರೀಕ್ಷೆಯ ದಿನಾಂಕ ಮಾತ್ರ ಎಲ್ಲರಿಗೂ ಒಂದೇ. ವಾರ್ಡಿನಲ್ಲಿ ನಿಂತು ನೋಡಲು ಬೋಧಕರು ಸಾಲುವುದಿಲ್ಲ. ಶಿಫ್ಟ್ ಇನ್‌ಚಾರ್ಜ್ ತಮ್ಮ ಕೆಲಸದ ನಡುವೆ ನೋಡಿಕೊಡುವುದು ಅವರ ಒಳ್ಳೆಯತನದಿಂದ, ಅದಕ್ಕೆ ಬೇರೆ ಸಂಬಳವಿಲ್ಲ.

ಆ ಹುಡುಗಿಯನ್ನು ಮತ್ತೆ ಬೆಡ್ ಪಕ್ಕದಲ್ಲೇ ನೋಡಿದೆ. ಸಿರಿಂಜಿನಲ್ಲಿ ಇನ್ನೂ 12 ಎಂ.ಎಲ್. ಇತ್ತು. ಮುಂದಿನದ್ದು ಲೋಡ್ ಆಗಿ, ಔಷಧದ ಹೆಸರು, ಪ್ರಮಾಣ, ಹೊತ್ತು ಬರೆದುಕೊಂಡು ಟ್ರೇಯಲ್ಲಿ ಕೂತಿತ್ತು, ಎರಡನೇ ಪಂಪ್ ಆಗಲೇ ಸ್ಟ್ಯಾಂಡಿಗೆ ಬಂದಿತ್ತು. ಮೂರನೇ ಹಂತಕ್ಕೆ ಸಹಿ ಹಾಕಿದೆ. ನಾಲ್ಕನೆಯದನ್ನು ಖಾಲಿ ಬಿಟ್ಟಿದ್ದೇನೆ, ನೈಟ್ ಡ್ಯೂಟಿಯಲ್ಲಿ ಅವಳನ್ನು ಇನ್ನೂ ನೋಡಿಲ್ಲ.