ಪೇಪರ್ ಬರುವ ಮೊದಲೇ ನನ್ನ ಸಂಶೋಧನೆ ಬಗ್ಗೆ ಬರೆಯಬಹುದಾ?

ಪ್ರಶ್ನೆ: ನಾನು ಕಲಬುರಗಿ ಕಡೆಯವಳು, ಪುಣೆಯಲ್ಲಿ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಓದುತ್ತಿದ್ದೇನೆ. ಕಟ್ಟಡ ಕೆಲಸಕ್ಕೆ ಬಂದ ನಮ್ಮ ಕಡೆಯ ಹೆಂಗಸರ ರಕ್ತಹೀನತೆಯೇ ನನ್ನ ವಿಷಯ. ಇದನ್ನು ಕನ್ನಡದಲ್ಲಿ ಎಲ್ಲರಿಗೂ ತಿಳಿಯುವಂತೆ ಬರೆಯುವ ಆಸೆ. ಈಗಲೇ ಬರೆದರೆ ಜರ್ನಲ್‌ನವರು, ಅಂದರೆ ಸಂಶೋಧನಾ ಪತ್ರಿಕೆಯವರು, ಆಮೇಲೆ ನನ್ನ ಪೇಪರ್ (ಸಂಶೋಧನಾ ಲೇಖನ) ತಗೊಳ್ಳಲ್ಲ ಅಂತ ಸೀನಿಯರ್‌ಗಳು ಹೇಳುತ್ತಾರೆ. ನಿಜವಾ?

ಉತ್ತರ: ಬರೆಯಿರಿ. ನಿಮ್ಮ ಫಲಿತಾಂಶವನ್ನು ಮಾತ್ರ ಪೇಪರ್ ಬರುವ ತನಕ ಕೈಯಲ್ಲೇ ಇಟ್ಟುಕೊಳ್ಳಿ.

ಸೀನಿಯರ್‌ಗಳು ಹೇಳುವುದು ಸುಮ್ನೆ ಅಲ್ಲ. 1969ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನ ಸಂಪಾದಕ ಫ್ರಾಂಜ್ ಇಂಗಲ್‌ಫಿಂಗರ್, ಬೇರೆ ಕಡೆ ಬಂದದ್ದನ್ನು ತಾವು ಪ್ರಕಟಿಸುವುದಿಲ್ಲ ಎಂಬ ನಿಯಮ ತಂದರು. ಆಮೇಲೆ ಹಲವು ಜರ್ನಲ್‌ಗಳು ಅದೇ ದಾರಿ ಹಿಡಿದವು. ಈಗ ಅಷ್ಟು ಬಿಗಿ ಇಲ್ಲ. ಸಮ್ಮೇಳನದಲ್ಲಿ ಮಂಡಿಸಿದ್ದು ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ. ಆದರೆ ಅಂಕಿಅಂಶ, ಕೋಷ್ಟಕ ಎಲ್ಲ ಮೊದಲೇ ಹೊರಗೆ ಹೋದರೆ ತಕರಾರು ಬರಬಹುದು. ನಿಮ್ಮ ಗೈಡ್‌ಗೂ ಒಂದು ಮಾತು ತಿಳಿಸಿ.

ಹಾಗಾದರೆ ಬರೆಯುವುದಕ್ಕೆ ಏನು ಉಳಿಯಿತು? ಬೇಕಾದಷ್ಟಿದೆ. ಮುಂಬೈನ ದೇವನಾರ್‌ನಲ್ಲಿರುವ ಜನಸಂಖ್ಯಾ ಅಧ್ಯಯನ ಸಂಸ್ಥೆ ಐಐಪಿಎಸ್ ನಡೆಸಿದ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಕಬ್ಬಿಣದ ಗುಳಿಗೆ ನುಂಗಿದ ಕೂಡಲೇ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ನಿಂಬೆಹಣ್ಣಿನ ಹುಳಿ ಜೊತೆಗಿದ್ದರೆ ಜಾಸ್ತಿ ಹತ್ತುತ್ತದೆ. ಗುಳಿಗೆ ತಗೊಂಡಾಗ ಮಲ ಕಪ್ಪಾಗುವುದು ಸಹಜ. ಅದಕ್ಕೆ ಹೆದರಿ ಗುಳಿಗೆ ಬಿಟ್ಟುಬಿಡುವವರಿದ್ದಾರೆ. ಇದನ್ನು ಹೇಳಲು ನಿಮ್ಮ ಪೇಪರ್‌ಗೆ ಕಾಯಬೇಕಿಲ್ಲ ಅಲ್ವಾ?

ಮುಂದೆ ಫಲಿತಾಂಶ ಬರೆಯುವಾಗ, ನಿಮಗೆ ಸಿಕ್ಕವರು ಯಾರು ಅನ್ನುವುದನ್ನೂ ಬರೆಯಿರಿ. ಕೂಲಿಯವರು ಬೆಳಿಗ್ಗೆ ಕೆಲಸಕ್ಕೆ ಕಾದು ನಿಲ್ಲುವ ಮಜೂರ್ ಅಡ್ಡಾಕ್ಕೆ ಹೊತ್ತೇರಿದ ಮೇಲೆ ಹೋದರೆ, ಅವತ್ತು ಕೆಲಸ ಸಿಗದೆ ನಿಂತವರಷ್ಟೇ ಮಾತಿಗೆ ಸಿಗುತ್ತಾರೆ. ಗಟ್ಟಿಮುಟ್ಟಾದವರು ಬೆಳಿಗ್ಗೆಯೇ ಟೆಂಪೋ ಹತ್ತಿ ಹೋಗಿರಬಹುದು. ಅಲ್ಲಿ ಸಿಕ್ಕ ಲೆಕ್ಕವನ್ನು ಪುಣೆಯ ಕನ್ನಡದ ಕೂಲಿ ಹೆಂಗಸರೆಲ್ಲರ ಲೆಕ್ಕ ಅನ್ನಲಾಗದು.

ನನಗೆ ಜಾಸ್ತಿ ಚಿಂತೆ ಇರುವುದು ಆ ಹೆಂಗಸರ ಬಗ್ಗೆ. ಹೆಸರು ಬದಲಾಯಿಸಿದರೆ ಸಾಕು ಅಂದುಕೊಳ್ಳಬೇಡಿ. 'ಜೇವರ್ಗಿ ಕಡೆಯಿಂದ ಬಂದ, ಗಂಡ ಬಿಟ್ಟುಹೋದ, ಅವಳಿ ಮಕ್ಕಳ ತಾಯಿ' ಅಂತ ಬರೆದರೆ ಇಂಗ್ಲಿಷ್ ಜರ್ನಲ್ ಓದುವವರಿಗೆ ಅವಳು ಯಾರೋ ಒಬ್ಬಳು. ಕನ್ನಡದಲ್ಲಿ ಬರೆದರೆ ಅದು ಮೊಬೈಲಿನಿಂದ ಮೊಬೈಲಿಗೆ ಹೋಗಿ ಅವಳ ಪಕ್ಕದ ಶೆಡ್ಡಿಗೂ ತಲುಪುತ್ತದೆ. ಗುತ್ತೇದಾರನೂ ಓದುತ್ತಾನೆ. ರಕ್ತ ಕಡಿಮೆ ಇರುವವಳಿಗೆ ಭಾರದ ಕೆಲಸ ಆಗಲ್ಲ ಅಂತ ಅವನು ಕರೆಯುವುದನ್ನೇ ಬಿಟ್ಟರೆ ಅವಳ ಗತಿ? ಊರು, ಮಕ್ಕಳು, ಸೈಟಿನ ಜಾಗ, ಇವುಗಳಲ್ಲಿ ವಿಷಯಕ್ಕೆ ಬೇಡದ್ದನ್ನೆಲ್ಲ ತೆಗೆದುಬಿಡಿ. ಅಧ್ಯಯನಕ್ಕೆ ಒಪ್ಪಿ ಸಹಿ ಮಾಡಿದ್ದಾಳೆ ಅಂದಮಾತ್ರಕ್ಕೆ ಫೋಟೋಗೂ ಒಪ್ಪಿದಳು ಅಂತಲ್ಲ. ಅದಕ್ಕೆ ಬೇರೆಯಾಗಿಯೇ ಕೇಳಬೇಕು.

ಬರೆದದ್ದನ್ನು ಕೊಡುವ ಮೊದಲು, ಯಾರ ಮಾತು ಅದರಲ್ಲಿದೆಯೋ ಅವರಿಗೇ ಓದಿ ಹೇಳಿ. ಕನ್ನಡದಲ್ಲಿ ಬರೆಯುವುದರಿಂದ ನಿಮಗೆ ಇದು ಸಾಧ್ಯ. 'ಇದು ಬ್ಯಾಡ್ರೀ, ಮಂದಿಗೆ ಗೊತ್ತಾಗ್ತದ' ಅಂದರೆ ಆ ಸಾಲು ಎಷ್ಟೇ ಚೆನ್ನಾಗಿದ್ದರೂ ತೆಗೆಯಿರಿ.