ರಸವಿದ್ಯೆಯ ನಿಯಮಗಳು ಯಾರನ್ನು ಕಾಪಾಡಲು ಹುಟ್ಟಿದವು?

ರಸವಿದ್ಯೆ (ಆಲ್ಕೆಮಿ) ಅಂದರೆ ಕೀಳು ಲೋಹವನ್ನು ಚಿನ್ನ ಮಾಡುವ, ಅಮರತ್ವದ ಮದ್ದು ಹುಡುಕುವ ವಿದ್ಯೆ. ಅದನ್ನು ಮಾಡುವವರು ಇವತ್ತಿಗೂ ಇದ್ದಾರೆ. ಗಿಡಮೂಲಿಕೆಯನ್ನು ಭಟ್ಟಿ ಇಳಿಸಿ, ಉಳಿದ ಚರಟವನ್ನು ಸುಟ್ಟು ಬೂದಿ ಮಾಡಿ, ಆ ಬೂದಿಯ ಉಪ್ಪನ್ನು ಮತ್ತೆ ಅದೇ ದ್ರವಕ್ಕೆ ಸೇರಿಸುವವರು ಒಂದು ಕಡೆ. ಆಂಟಿಮನಿ, ಸೀಸ, ಪಾದರಸ ಇಟ್ಟುಕೊಂಡು ಮೂಸೆ ಕಾಯಿಸುವವರು ಇನ್ನೊಂದು ಕಡೆ. ಇದೆಲ್ಲ ಮನಸ್ಸಿನ ಸಾಧನೆ, ಬೆಂಕಿಯೇ ಬೇಡ ಅನ್ನುವವರು ಮೂರನೆಯವರು. ಇದನ್ನು ಜವಾಬ್ದಾರಿಯಿಂದ ಮಾಡುವುದು ಅಂದರೆ ಹೇಗೆ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಗುಟ್ಟು ಬಿಟ್ಟುಕೊಡಬೇಡ, ಎಲ್ಲವನ್ನೂ ಬರೆದು ತೋರಿಸು, ದುಡ್ಡು ಮುಟ್ಟಬೇಡ, ಮೊದಲು ಮನಸ್ಸು ಶುದ್ಧ ಮಾಡಿಕೋ, ಮೊದಲು ಕಿಟಕಿ ತೆಗಿ. ಗೊಂದಲ ಆಗದೆ ಇರುತ್ತದಾ? ಈ ನಿಯಮಗಳು ಒಂದೇ ಕಾಲದವಲ್ಲ, ಒಂದೇ ಭಯದಿಂದ ಹುಟ್ಟಿದವೂ ಅಲ್ಲ. ಯಾವುದು ಯಾರ ಭಯದಿಂದ ಬಂತು ಅಂತ ನೋಡುತ್ತಾ ಹೋದರೆ ಗಂಟು ಸ್ವಲ್ಪ ಸಡಿಲವಾಗುತ್ತದೆ.

ಎಲ್ಲಕ್ಕಿಂತ ಹಳೆಯದು ಖಜಾನೆಯ ಭಯ. ಕ್ರಿ.ಪೂ. 144ರಲ್ಲಿ ಚೀನಾದ ಹಾನ್ ದೊರೆ ಜಿಂಗ್, ಖೋಟಾ ಚಿನ್ನ ಮಾಡುವವರಿಗೆ ಮರಣದಂಡನೆ ಎಂದು ಆಜ್ಞೆ ಹೊರಡಿಸಿದ. ಈಜಿಪ್ಟಿನಲ್ಲಿ ಸಿಕ್ಕ, ಸುಮಾರು ಕ್ರಿ.ಶ. 3-4ನೇ ಶತಮಾನದ ಎರಡು ಗ್ರೀಕ್ ಹಸ್ತಪ್ರತಿಗಳನ್ನು ಲೈಡನ್ ಮತ್ತು ಸ್ಟಾಕ್‌ಹೋಮ್ ಊರುಗಳ ಹೆಸರಿನಲ್ಲಿ ಕರೆಯುತ್ತಾರೆ. ಲೋಹಕ್ಕೆ ಚಿನ್ನದ ಬಣ್ಣ ಬರಿಸುವುದು, ಸ್ಫಟಿಕವನ್ನು ರತ್ನದಂತೆ ಕಾಣಿಸುವುದು, ಇಂಥವೇ ಅವುಗಳಲ್ಲಿ ತುಂಬಿವೆ. ಕಸುಬುದಾರನೇ ಮೋಸಹೋಗುವಷ್ಟು ಚೆನ್ನಾಗಿ ಬರುತ್ತದೆ ಅಂತ ಒಂದು ವಿಧಾನದ ಕೊನೆಗೆ ಹೆಮ್ಮೆಯಿಂದಲೇ ಬರೆದಿದೆ. ನೀತಿಯ ಮಾತು ಅಲ್ಲಿ ಹುಡುಕಬೇಡಿ. 1317ರಲ್ಲಿ ಪೋಪ್ 22ನೇ ಜಾನ್ ಹೊರಡಿಸಿದ ಆದೇಶದ ಪ್ರಕಾರ, ಸುಳ್ಳು ಚಿನ್ನವನ್ನು ನಿಜವೆಂದು ದಾಟಿಸಿದವನು ಅಷ್ಟೇ ತೂಕದ ನಿಜವಾದ ಚಿನ್ನವನ್ನು ಬಡವರಿಗಾಗಿ ಕಟ್ಟಬೇಕಿತ್ತು. ಇಂಗ್ಲೆಂಡ್ 1404ರಲ್ಲಿ ಚಿನ್ನ ಬೆಳ್ಳಿ ‘ಹೆಚ್ಚಿಸುವುದನ್ನೇ’, ಅಂದರೆ ರಸವಿದ್ಯೆಯಿಂದ ಮಾಡುವುದನ್ನೇ, ಘೋರ ಅಪರಾಧ ಮಾಡಿತು. ಮುಂದೆ ಅದೇ ದೇಶದ ರಾಜರು ತಮಗೆ ಬೇಕಾದವರಿಗೆ ಪರವಾನಗಿ ಕೊಟ್ಟರು, ಅದು ಬೇರೆ ಮಾತು.

ಈ ಹಂತದಲ್ಲಿ ನಿಜವಾಗಿ ಯೋಚಿಸುವಂಥ ವಾದ ಮಾಡಿದವರು ಇಬ್ಬರು. ರಸವಾದಿ ಮಾಡಿದ್ದು ನಿಜವಾದ ಚಿನ್ನವೇ ಆಗಿದ್ದರೆ ಅದನ್ನು ಚಿನ್ನ ಎಂದು ಮಾರುವುದರಲ್ಲಿ ತಪ್ಪಿಲ್ಲ, ಬರೀ ಹಾಗೆ ಕಾಣುವುದಾದರೆ ಮೋಸ ಅಂದ 13ನೇ ಶತಮಾನದ ಕ್ರೈಸ್ತ ಪಂಡಿತ ಥಾಮಸ್ ಅಕ್ವಿನಾಸ್. ಒಂದು ಶತಮಾನದ ನಂತರ ಅರಬ್ ಇತಿಹಾಸಕಾರ ಇಬ್ನ್ ಖಲ್ದೂನ್ ಅದನ್ನು ಪೂರ್ತಿ ತಿರುಗಿಸಿದ. ಚಿನ್ನ ಬೆಳ್ಳಿ ವಿರಳವಾಗಿರುವುದರಿಂದಲೇ ಜನರ ದುಡಿಮೆಗೆ, ಸರಕಿಗೆ ಒಂದು ಅಳತೆ ಸಿಕ್ಕಿದೆ, ರಸವಾದಿ ಗೆದ್ದರೆ ಆ ಅಳತೆಯೇ ಹೋಗುತ್ತದೆ ಅಂದ. ಅಂದರೆ ಸೋತರೆ ಮೋಸ, ಗೆದ್ದರೆ ಅನಾಹುತ!

ಎರಡನೇ ಭಯ ದೇಹದ್ದು. ಆದರೆ ಅದು ನಿಯಮವಾಗಿ ಬಂದ ದಾರಿ ವಿಚಿತ್ರ. ಚೀನಾದಲ್ಲಿ 4ನೇ ಶತಮಾನದ ಗೆ ಹೊಂಗ್, ಅಮರತ್ವದ ಮದ್ದು ಫಲಿಸಬೇಕಾದರೆ ಮಾಡುವವನು ಪುಣ್ಯವಂತನಾಗಿರಬೇಕು ಅಂದ. ಆಕಾಶದ ಅಮರನಾಗಲು 1,200 ಒಳ್ಳೆಯ ಕೆಲಸ ಬೇಕು. 1,199 ಮಾಡಿ ಒಂದು ಕೆಟ್ಟದ್ದು ಮಾಡಿದರೆ ಮತ್ತೆ ಮೊದಲಿನಿಂದ ಶುರು. ಒಳ್ಳೆಯದೇ. ಆದರೆ ಆ ಮದ್ದಿನಲ್ಲಿದ್ದದ್ದು ಇಂಗಳೀಕ (ಪಾದರಸದ ಅದಿರು), ಪಾದರಸ, ಆರ್ಸೆನಿಕ್. ಮಾಡುವವನ ಪುಣ್ಯದ ಲೆಕ್ಕ ಇಟ್ಟವರು ಕುಡಿಯುವವನ ಹೊಟ್ಟೆಗೆ ಎಷ್ಟು ಪಾದರಸ ಹೋಯಿತು ಅನ್ನುವ ಲೆಕ್ಕ ಇಡಲಿಲ್ಲ. 9ನೇ ಶತಮಾನದಲ್ಲಿ ಟಾಂಗ್ ವಂಶದ ದೊರೆಗಳೇ ಒಬ್ಬರ ಹಿಂದೆ ಒಬ್ಬರು ಇಂಥ ಮದ್ದಿನಿಂದ ಸತ್ತರು. ಮೂಜೋಂಗ್ 824ರಲ್ಲಿ, ವೂಜೋಂಗ್ 846ರಲ್ಲಿ, ಶ್ವಾನ್‌ಜೋಂಗ್ 859ರಲ್ಲಿ. ಅರಮನೆಯಲ್ಲೇ ಹೀಗಾದರೆ ಬೇರೆಯವರ ಕಥೆ ಬರೆದಿಟ್ಟವರು ಯಾರು?

ಭಾರತದ ರಸಶಾಸ್ತ್ರ ಇಲ್ಲಿ ಒಂದು ಹೆಜ್ಜೆ ಮುಂದೆ ಇತ್ತು. ಲೋಹದಲ್ಲಿ ಹೇಗೋ ದೇಹದಲ್ಲೂ ಹಾಗೆ, ಆದ್ದರಿಂದ ಮೊದಲು ಲೋಹದ ಮೇಲೆ ಪರೀಕ್ಷಿಸು, ಆಮೇಲೆ ದೇಹಕ್ಕೆ ಕೊಡು ಅನ್ನುತ್ತದೆ ‘ರಸಾರ್ಣವ’. ಪಾದರಸದ ದೋಷಗಳನ್ನು ಪಟ್ಟಿ ಮಾಡಿ, ಅವನ್ನು ಕಳೆಯಲು ಹದಿನೆಂಟು ಸಂಸ್ಕಾರ ಹೇಳಿದ ಪರಂಪರೆ ಇದು. ಪರೀಕ್ಷೆ ಮಾಡದೆ ಬಾಯಿಗೆ ಹಾಕಬೇಡ ಅನ್ನುವ ಮಾತು ಅಷ್ಟು ಹಿಂದೆಯೇ ಬಂದಿದ್ದು ಸಣ್ಣ ವಿಷಯವಲ್ಲ. ಆದರೆ ಲೋಹದ ಬಣ್ಣ ಬದಲಾದ ಮಾತ್ರಕ್ಕೆ ಕಿಡ್ನಿಗೆ ತೊಂದರೆ ಇಲ್ಲ ಅಂತ ಆಗುವುದಿಲ್ಲ, ಅಲ್ವಾ?

ಇನ್ನು ಯುರೋಪಿಗೆ ಬರೋಣ. 13ನೇ ಶತಮಾನದ ಪಂಡಿತ ಆಲ್ಬರ್ಟಸ್ ಮ್ಯಾಗ್ನಸ್ ಹೆಸರಿನಲ್ಲಿ ಓಡಾಡಿದ, ಬಹುಶಃ ಅವನು ಬರೆಯದ, ಒಂದು ಸಣ್ಣ ಲ್ಯಾಟಿನ್ ಪುಸ್ತಕದಲ್ಲಿ ರಸವಾದಿಗೆ ಎಂಟು ನಿಯಮಗಳಿವೆ. ಬಾಯಿ ಮುಚ್ಚಿಕೊಂಡಿರು. ಜನರ ಕಣ್ಣಿಗೆ ಬೀಳದ ಮನೆ ನೋಡಿಕೋ. ಸಮಯ ನೋಡಿ ಕೆಲಸ ಮಾಡು. ತಾಳ್ಮೆ ಬಿಡಬೇಡ. ಅರೆಯುವುದರಿಂದ ಹೆಪ್ಪುಗಟ್ಟಿಸುವವರೆಗಿನ ಕ್ರಮ ತಪ್ಪಿಸಬೇಡ. ಗಾಜಿನ ಅಥವಾ ಮೆರುಗು ಕೊಟ್ಟ ಪಾತ್ರೆಯನ್ನೇ ಬಳಸು. ಕೊನೆಯ ಎರಡು ನನಗೆ ತುಂಬಾ ಇಷ್ಟ. ರಾಜರ, ಪ್ರಭುಗಳ ಸಹವಾಸಕ್ಕೆ ಹೋಗಬೇಡ, ಮತ್ತು ಕೈಯಲ್ಲಿ ಸಾಕಷ್ಟು ದುಡ್ಡಿಲ್ಲದೆ ಶುರುಮಾಡಬೇಡ. ರಾಜನ ಹತ್ತಿರ ಹೋದರೆ ದಿನಾ ಬಂದು ಎಲ್ಲಿಗೆ ಬಂತು, ಯಾವಾಗ ಆಗುತ್ತೆ ಅಂತ ಕೇಳುತ್ತಾರೆ. ಆಗದಿದ್ದರೆ ನೀನು ಕಳ್ಳ, ಆದರೆ ನಿನ್ನನ್ನು ಬಿಡುವುದೇ ಇಲ್ಲ. ಪುಸ್ತಕ ಹೇಳುವುದು ಹೆಚ್ಚುಕಡಿಮೆ ಇದನ್ನೇ. ಇದು ನೀತಿಗಿಂತ ಜಾಸ್ತಿ ಬದುಕುಳಿಯುವ ಉಪಾಯ.

ಆ ಮಾತು ಕೇಳಿದವರು ಕಡಿಮೆ. 16ನೇ ಶತಮಾನದ ಜರ್ಮನ್ ಅರಮನೆಗಳಲ್ಲಿ ರಸವಾದಿಗಳ ಜೊತೆ ಲಿಖಿತ ಕರಾರು ಮಾಡಿಕೊಳ್ಳುವುದೇ ವಾಡಿಕೆಯಾಯಿತು. ಎಷ್ಟು ದಿನದಲ್ಲಿ, ಎಷ್ಟು ಚಿನ್ನ, ಖರ್ಚು ಯಾರದು, ಗುಟ್ಟು ಯಾರಿಗೆ ಸೇರಿದ್ದು, ಎಲ್ಲಾ ಕಾಗದದ ಮೇಲೆ. ಸಾಲದಲ್ಲಿ ಮುಳುಗಿದ ಸಂಸ್ಥಾನಗಳಿಗೆ ಇದೊಂದು ಹೂಡಿಕೆ, ಗಣಿ ತೋಡಿಸಿದಷ್ಟೇ ಸಹಜವಾದ ವ್ಯವಹಾರ. ಕರಾರು ಇದ್ದ ಮೇಲೆ ಸೋಲಿಗೂ ಮೋಸಕ್ಕೂ ನಡುವಿನ ಗೆರೆ ಅಳಿಸಿಹೋಯಿತು. ಪ್ರಾಮಾಣಿಕವಾಗಿ ಪ್ರಯತ್ನಿಸಿ ಸೋತವನೂ ಮಾತು ತಪ್ಪಿದವನೇ ಆದ. ಮಾರ್ಕೊ ಬ್ರಾಗಾದಿನೊ 1591ರಲ್ಲಿ ಮ್ಯೂನಿಕ್‌ನಲ್ಲಿ ತಲೆ ಕಳೆದುಕೊಂಡ. ಗಿಯೋರ್ಗ್ ಹೊನಾವರ್ ಎಂಬವನು ವ್ಯೂರ್ಟೆಂಬರ್ಗ್‌ನ ಡ್ಯೂಕನಿಗೆ ಕಬ್ಬಿಣದಿಂದ ಚಿನ್ನ ಮಾಡಿಕೊಡುತ್ತೇನೆ ಎಂದಿದ್ದ. 1597ರಲ್ಲಿ ಅವನನ್ನು ಸ್ಟುಟ್‌ಗಾರ್ಟ್‌ನಲ್ಲಿ ಚಿನ್ನದ ಬಣ್ಣ ಬಳಿದ ಕಬ್ಬಿಣದ ಗಲ್ಲುಗಂಬಕ್ಕೆ ಏರಿಸಿದರು. ಇವರು ಸಾಚಾ ಅಂತ ಹೇಳುತ್ತಿಲ್ಲ, ಖಂಡಿತ ಅಲ್ಲ. ಆದರೆ ಅಸಾಧ್ಯವಾದದ್ದಕ್ಕೆ ದಿನಾಂಕ ಹಾಕಿ ಸಹಿ ಮಾಡಿಸಿಕೊಂಡ ಕಡೆಯವರಿಗೂ ಒಂದು ನಿಯಮ ಬೇಕಿತ್ತು ಅಂತ ಆಗ ಯಾರಿಗೂ ಅನಿಸಲಿಲ್ಲ.

ಬಟ್‌ಗರ್‌ನ ಕಥೆ ಇದಕ್ಕೆ ಇನ್ನೊಂದು ಮುಖ. ಹತ್ತೊಂಬತ್ತರ ಹುಡುಗ. ಚಿನ್ನ ಮಾಡುತ್ತಾನೆ ಅನ್ನುವ ಸುದ್ದಿ ಹಬ್ಬಿ, 1701ರಲ್ಲಿ ಬರ್ಲಿನ್‌ನಿಂದ ಓಡಿಹೋಗಿ ಸ್ಯಾಕ್ಸನಿಯ ಅಗಸ್ಟಸ್ ದೊರೆಯ ಕೈಗೆ ಸಿಕ್ಕ. ವರ್ಷಗಟ್ಟಲೆ ಕಾವಲಿನಲ್ಲೇ ಕೆಲಸ. ಚಿನ್ನ ಬರಲಿಲ್ಲ. ಆದರೆ ಚಿರ್ನ್‌ಹೌಸ್ ಎಂಬ ವಿದ್ವಾಂಸನ ಜೊತೆ ಸೇರಿ ನಡೆಸಿದ ಪ್ರಯೋಗಗಳಿಂದ 1708ರ ಹೊತ್ತಿಗೆ ಬಿಳಿ ಪಿಂಗಾಣಿ ಬಂತು. 1710ರಲ್ಲಿ ಮೈಸೆನ್ ಕಾರ್ಖಾನೆ ಶುರುವಾಯಿತು. ಆಮೇಲೂ ಅವನಿಗೆ ಬಿಡುಗಡೆ ಸುಲಭವಾಗಲಿಲ್ಲ, ಯಾಕೆಂದರೆ ಈಗ ಅವನ ತಲೆಯಲ್ಲಿ ನಿಜವಾಗಿಯೂ ಒಂದು ಗುಟ್ಟಿತ್ತು. 1719ರಲ್ಲಿ, ಮೂವತ್ತೇಳರ ವಯಸ್ಸಿನಲ್ಲಿ ತೀರಿಕೊಂಡ.

ಗುಟ್ಟಿನ ವಿಷಯಕ್ಕೇ ಬರೋಣ, ಇವತ್ತಿನ ಜಗಳದ ಬೇರು ಇರುವುದೂ ಅಲ್ಲೇ. ಕೆಟ್ಟವರ ಕೈಗೆ ಸಿಕ್ಕರೆ ರಾಜ್ಯಗಳೇ ಉರುಳುತ್ತವೆ, ಅದಕ್ಕೇ ಪ್ರಮಾಣ ಮಾಡಿಸಿ ಯೋಗ್ಯನಿಗೆ ಮಾತ್ರ ಹೇಳಬೇಕು ಅನ್ನುವುದು 15ನೇ ಶತಮಾನದ ಇಂಗ್ಲಿಷ್ ರಸವಾದಿ ಥಾಮಸ್ ನಾರ್ಟನ್‌ನ ನಿಲುವು. (ಆದರೆ ತನ್ನ ಹೆಸರನ್ನು ತನ್ನ ಪುಸ್ತಕದ ಅಧ್ಯಾಯಗಳ ಮೊದಲ ಅಕ್ಷರಗಳಲ್ಲಿ ಅಡಗಿಸಿಟ್ಟ. ಪೂರ್ತಿ ಮರೆಯಾಗಲು ಅವನಿಗೂ ಮನಸ್ಸಿರಲಿಲ್ಲ.) 1676ರಲ್ಲಿ ರಸಾಯನಶಾಸ್ತ್ರಜ್ಞ ರಾಬರ್ಟ್ ಬಾಯ್ಲ್, ಚಿನ್ನದ ಜೊತೆ ಬೆರೆಸಿದರೆ ಬಿಸಿಯಾಗುವ ವಿಶೇಷ ಪಾದರಸದ ಬಗ್ಗೆ, ತನ್ನ ಹೆಸರಿನ ಮೊದಲಕ್ಷರಗಳನ್ನು ತಿರುಗುಮುರುಗಾಗಿ ಹಾಕಿ ಒಂದು ಲೇಖನ ಪ್ರಕಟಿಸಿದ. ಕೂಡಲೇ ನ್ಯೂಟನ್ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಕಾರ್ಯದರ್ಶಿಗೆ ಪತ್ರ ಬರೆದು, ಇದರ ಬಗ್ಗೆ ಮೌನವೇ ಒಳ್ಳೆಯದು, ಇಲ್ಲದಿದ್ದರೆ ಲೋಕಕ್ಕೆ ಭಾರಿ ಹಾನಿಯಾಗಬಹುದು ಎಂದ. ಅದೇ ಬಾಯ್ಲ್ ಪ್ರಯತ್ನಪಟ್ಟು 1689ರಲ್ಲಿ 1404ರ ಕಾನೂನನ್ನು ರದ್ದು ಮಾಡಿಸಿದ. ಹೊಸ ಕಾನೂನಿನಲ್ಲಿ ಒಂದು ಷರತ್ತು: ಹೀಗೆ ಮಾಡಿದ ಚಿನ್ನವೆಲ್ಲ ಲಂಡನ್ ಟವರ್‌ನ ಟಂಕಸಾಲೆಗೇ ಹೋಗಬೇಕು.

ಗುಟ್ಟಿಗೆ ನೀತಿಯ ಬಣ್ಣ ಹಚ್ಚುವುದು ಸುಲಭ, ಆದರೆ ಅದರ ಮರೆಯಲ್ಲಿ ಬೆಳೆದದ್ದು ಏನು ಅಂತ 1722ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಜಾಫ್ರುವಾ ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಯಲ್ಲಿ ಬಿಚ್ಚಿಟ್ಟ. ಎರಡು ತಳದ ಮೂಸೆ. ಒಳಗೆ ಚಿನ್ನದ ಪುಡಿ ತುಂಬಿ ತುದಿಗೆ ಮೇಣ ಮೆತ್ತಿದ, ಕಲಕುವ ಕೋಲು. ಅರ್ಧ ಚಿನ್ನ ಅರ್ಧ ಕಬ್ಬಿಣದ ಮೊಳೆಗೆ ಮೇಲಿಂದ ಬಣ್ಣ, ಅದನ್ನು ದ್ರಾವಣದಲ್ಲಿ ಅದ್ದಿದರೆ ಬಣ್ಣ ಬಿಟ್ಟು ‘ಚಿನ್ನವಾಯಿತು’. 1782ರಲ್ಲಿ ಜೇಮ್ಸ್ ಪ್ರೈಸ್ ಎಂಬ ರಾಯಲ್ ಸೊಸೈಟಿಯ ಸದಸ್ಯನೇ ಪುಡಿ ಹಾಕಿ ಪಾದರಸವನ್ನು ಚಿನ್ನ ಮಾಡಿದೆ ಅಂದ. ಇನ್ನೊಮ್ಮೆ ಎಲ್ಲರೆದುರು ಮಾಡಿ ತೋರಿಸು ಎಂದಾಗ, ಮರುವರ್ಷ ಬಂದವರ ಎದುರೇ ವಿಷ ಕುಡಿದು ಸತ್ತ. ಅಲ್ಲಿಂದ ಮುಂದೆ ಮತ್ತೆ ಮಾಡಿ ತೋರಿಸಲಾಗದ್ದನ್ನು ಹೇಳಿಕೊಳ್ಳಬೇಡ ಅನ್ನುವುದೇ ರಸಾಯನಶಾಸ್ತ್ರದ ಮೊದಲ ಷರತ್ತಾಯಿತು. ರಸವಿದ್ಯೆ ಪಕ್ಕಕ್ಕೆ ಸರಿಯಿತು.

ಖಜಾನೆಯ ಭಯ ಈಗ ಇಲ್ಲವೇ ಇಲ್ಲ ಅನ್ನಬಹುದು. 1980ರಲ್ಲಿ ಗ್ಲೆನ್ ಸೀಬೋರ್ಗ್ ಮತ್ತು ಜೊತೆಗಾರರು ಬರ್ಕ್ಲಿಯಲ್ಲಿ ಬಿಸ್ಮತ್‌ನಿಂದ ಚಿನ್ನದ ಪರಮಾಣು ಮಾಡಿದರು. ಸರ್ನ್ ಪ್ರಯೋಗಾಲಯದಲ್ಲಿ 2015ರಿಂದ 2018ರವರೆಗೆ ಸೀಸದ ಪರಮಾಣುಗಳನ್ನು ಎದುರುಬದುರು ಓಡಿಸಿದಾಗ ಹುಟ್ಟಿದ ಚಿನ್ನದ ಬೀಜಕಣಗಳು ಸುಮಾರು 8,600 ಕೋಟಿ. ಕೇಳಲು ದೊಡ್ಡದು, ತೂಕ ಮಾತ್ರ 29 ಪಿಕೋಗ್ರಾಂ (ಒಂದು ಗ್ರಾಂನ ಲಕ್ಷ ಕೋಟಿಯಲ್ಲೊಂದು ಪಾಲು ಒಂದು ಪಿಕೋಗ್ರಾಂ). ಯಾವ ಟಂಕಸಾಲೆಯೂ ಹೆದರಬೇಕಿಲ್ಲ.

ಉಳಿದದ್ದು ಕುಡಿಯುವವನು ಮತ್ತು ಕುಲುಮೆಯ ಮುಂದೆ ನಿಂತವನು. ತಿದಿ ಊದಿದವರ ಆರೋಗ್ಯದ ಬಗ್ಗೆ ಹಳೆಯ ನಿಯಮಗಳು ಹೇಳುವುದು ತೀರಾ ಕಡಿಮೆ. ನ್ಯೂಟನ್‌ನ ಕೂದಲನ್ನು 1979ರಲ್ಲಿ ಪರೀಕ್ಷಿಸಿದಾಗ ಪಾದರಸ ಜಾಸ್ತಿ ಇತ್ತು, ಅಷ್ಟು ದೊಡ್ಡವನಾದ್ದರಿಂದ ಆ ಕೂದಲು ಯಾರೋ ಎತ್ತಿಟ್ಟಿದ್ದರು. ಪಾದರಸ ಬಿಸಿ ಮಾಡದಿದ್ದರೂ ಆವಿಯಾಗುತ್ತಲೇ ಇರುತ್ತದೆ, ವಾಸನೆ ಇಲ್ಲ, ಕಣ್ಣಿಗೆ ಕಾಣುವುದಿಲ್ಲ. ಪಾದರಸದ ಬಳಕೆ ತಗ್ಗಿಸುವ ಮಿನಮಾಟಾ ಒಪ್ಪಂದ ಜಾರಿಗೆ ಬಂದದ್ದು 2017ರಲ್ಲಿ. ಮನೆಯೊಳಗೆ ಲೋಹ ಕಾಯಿಸಬೇಡ, ಉಳಿದದ್ದನ್ನು ಚರಂಡಿಗೆ ಸುರಿಯಬೇಡ ಅನ್ನುವ ಮಾತು ಎಂಟು ನಿಯಮಗಳ ಕಾಲದಲ್ಲಿ ಇರಲಿಲ್ಲ. ಇವತ್ತು ಮೊದಲು ಹೇಳಬೇಕಾದ್ದು ಅದೇ.

ಇನ್ನು ಮಾರಾಟ. ಅಂತರ್ಜಾಲದಲ್ಲಿ ಮಾರುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದ, 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಲೋಹ, ಖನಿಜ ಸೇರಿಸಿ ಮಾಡುವ ರಸೌಷಧಿಗಳಲ್ಲಿ ಆ ಪ್ರಮಾಣ ಶೇ. 40ರ ಆಸುಪಾಸು. ಸಂಸ್ಕಾರ ಸರಿಯಾಗಿ ಆಗಿದ್ದರೆ ದೋಷವಿಲ್ಲ ಅನ್ನುವುದು ಪರಂಪರೆಯವರ ಉತ್ತರ, ಆ ವಾದ ಇನ್ನೂ ನಡೆಯುತ್ತಿದೆ. ನಾನೇ ಕುಡಿದು ನೋಡಿದೆ, ಏನೂ ಆಗಲಿಲ್ಲ ಅನ್ನುವುದು ಇನ್ನೊಂದು ಉತ್ತರ. ಸೀಸವಾಗಲಿ ಪಾದರಸವಾಗಲಿ ದೇಹದಲ್ಲಿ ನಿಧಾನವಾಗಿ ಸೇರಿಕೊಳ್ಳುವಂಥವು, ನಾಲ್ಕು ದಿನ ಚೆನ್ನಾಗಿದ್ದರೆ ಏನೂ ತೀರ್ಮಾನವಾಗುವುದಿಲ್ಲ. ಹೊರಗಿನ ಲ್ಯಾಬಿನಲ್ಲಿ ಸೀಸ, ಪಾದರಸ, ಆರ್ಸೆನಿಕ್ ಮೂರನ್ನೂ ಅಳತೆ ಮಾಡಿಸಿ ಆ ಹಾಳೆಯನ್ನು ಬಾಟಲಿಯ ಜೊತೆಗೇ ಕೊಡಬಹುದಲ್ಲ? ಅದರಲ್ಲಿ ವಿಧಾನ ಬಯಲಾಗುವುದಿಲ್ಲ, ಯಾವ ಲೋಹ ಎಷ್ಟಿದೆ ಎಂಬುದಷ್ಟೇ ಗೊತ್ತಾಗುತ್ತದೆ. ಹಾಗಾಗಿ ಗುಟ್ಟಿನ ನೆಪ ಇಲ್ಲಿ ನಡೆಯುವುದಿಲ್ಲ.